ಹಳೆಯ ಕಂಪ್ಯೂಟರುಗಳಿಗೆ ಇನ್ನೊಂದು ಪೆಟ್ಟು

ಗೂಗಲ್ ಸಂಸ್ಥೆಯು ತನ್ನ ಕ್ರೋಮ್ ಬ್ರೌಸರಿನ ಬಗ್ಗೆ 2025ರಲ್ಲಿ ಪ್ರಕಟಿಸಿದ ಒಂದು ನಿರ್ಧಾರ ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. ಗ್ರಾಫಿಕ್ಸ್ ಚಿಪ್ ಕೆಲಸಕ್ಕೆ ಒದಗದ ಕಂಪ್ಯೂಟರುಗಳಲ್ಲಿ ವೆಬ್‌ಜಿಎಲ್ ಚಿತ್ರಗಳನ್ನು ಬರೆಯುವ ಹೊಣೆಯನ್ನು ಸ್ವಿಫ್ಟ್‌ಶೇಡರ್ ಎಂಬ ತಂತ್ರಾಂಶಕ್ಕೆ ತಾನಾಗಿಯೇ ವಹಿಸುವ ಏರ್ಪಾಡು 2012ರಿಂದ ನಡೆದು ಬಂದಿತ್ತು. ಅದನ್ನು ಕೈಬಿಡುವುದೇ ಆ ನಿರ್ಧಾರ. ತಿರುಗಿಸಿ ನೋಡುವ ಭೂಪಟ, ಮಕ್ಕಳ ವಿಜ್ಞಾನ ಪಾಠದ ಮೂರು ಆಯಾಮದ ಮಾದರಿ ಮುಂತಾದವು ಹೆಚ್ಚಾಗಿ ವೆಬ್‌ಜಿಎಲ್ ಮೂಲಕವೇ ಮೂಡುವಂಥವು.

1920ಕ್ಕೆ 1080ರ ಪರದೆಯಲ್ಲಿ 20 ಲಕ್ಷಕ್ಕೂ ಮಿಕ್ಕಿ ಚುಕ್ಕಿಗಳು. ಒಂದೊಂದಕ್ಕೂ ಬಣ್ಣದ ಲೆಕ್ಕ ಹಾಕಬೇಕು, ಅದೂ ಸೆಕೆಂಡಿಗೆ 60 ಸಲ. ಮುಖ್ಯ ಪ್ರೊಸೆಸರ್ ಇದನ್ನು ಮಾಡಲಾರದೆಂದಲ್ಲ, ಏದುಸಿರು ಬಿಡುತ್ತ ಮಾಡುತ್ತದೆ. ಗ್ರಾಫಿಕ್ಸ್ ಚಿಪ್ಪಿನಲ್ಲಾದರೆ ಸಣ್ಣ ಲೆಕ್ಕಿಗರು ನೂರಾರು ಮಂದಿ ಒಟ್ಟಿಗೆ ಕುಳಿತಿರುತ್ತಾರೆ.

ಆದರೆ ಆ ಚಿಪ್ ನಂಬಲು ತಕ್ಕದ್ದೇ ಎಂದು ತಿಳಿಯುವುದೇ ಗೋಜಲಿನ ಕೆಲಸ. ತಯಾರಕರು ಯಾರು, ಮಾದರಿ ಯಾವುದು, ಡ್ರೈವರಿನ ಆವೃತ್ತಿ ಎಷ್ಟು ಎಂದೆಲ್ಲ ಬ್ರೌಸರು ವಿಚಾರಿಸಿ, ಉತ್ತರವನ್ನು ತನ್ನ ನಿಷೇಧಪಟ್ಟಿಯೊಡನೆ ತಾಳೆ ನೋಡುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಚಿಪ್ ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಕೆಲಸವಿಲ್ಲ. ಪಟ್ಟಿ ದಾಟಿದರೂ ಡ್ರೈವರು ಪದೇಪದೇ ಕುಸಿದರೆ ಬದಿಗಿರಿಸಲಾಗುತ್ತದೆ. ಇನ್ನೊಂದು ತಮಾಷೆಯಿದೆ. ಓಪನ್‌ಜಿಎಲ್ ವ್ಯವಸ್ಥೆಯಲ್ಲಿ 'ಈ ಕೆಲಸ ಬರುತ್ತದೆಯೇ' ಎಂದು ಕೇಳಬಹುದು. 'ಚಿಪ್ಪಿನಿಂದ ಮಾಡುತ್ತೀಯೋ, ಬರೇ ತಂತ್ರಾಂಶದಿಂದಲೋ' ಎಂದು ಕೇಳುವ ನೇರ ದಾರಿಯಿಲ್ಲ. ಲಿನಕ್ಸಿನಲ್ಲಿ ಹೆಸರಿನ ಜಾಗದಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದು ಕಂಡರೆ ಚಿಪ್ ಸುಮ್ಮನೆ ಕುಳಿತಿದೆ ಎಂದು ಊಹಿಸಿಕೊಳ್ಳಬೇಕು.

ಗೂಗಲ್ ಕೊಡುವ ಮುಖ್ಯ ಕಾರಣ ಭದ್ರತೆ. ಸ್ವಿಫ್ಟ್‌ಶೇಡರ್ ಆ ಕ್ಷಣದಲ್ಲೇ ಯಂತ್ರಸಂಕೇತ ತಯಾರಿಸಿ ಓಡಿಸುತ್ತದೆ. ಯಾವುದೋ ಜಾಲಪುಟದಿಂದ ಬಂದ ಸೂಚನೆಗೆ ಇಷ್ಟು ಸಲುಗೆ ಕೊಡುವುದು ಅಪಾಯವೇ ಸರಿ. ಆದರೆ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳದು. ವಿಂಡೋಸಿನಲ್ಲಿ 2009ರಿಂದಲೇ ಮೈಕ್ರೋಸಾಫ್ಟಿನದೇ ಆದ 'ವಾರ್ಪ್' ಎಂಬ ಬದಲಿ ಇದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವುದು ಕೈಟ್ ಸಂಸ್ಥೆ ಒದಗಿಸುವ ಲಿನಕ್ಸ್. ಆದುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಮಟ್ಟಿಗೆ ಇದು ಅಮೆರಿಕದ ಸುದ್ದಿಯಷ್ಟೇ ಅಲ್ಲ.

ಪಾಠದ ಚಿತ್ರ ಮೂಡದಿದ್ದರೆ ಕೂಡಲೇ ಹೊಸ ಕಂಪ್ಯೂಟರಿಗೆ ದುಡ್ಡು ಹೊಂದಿಸಲು ಹೊರಡಬೇಕಾಗಿಲ್ಲ. ಕ್ರೋಮಿನ ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್, ಆಮೇಲೆ ಕೋಲನ್, ಎರಡು ಓರೆಗೆರೆ, ಜಿಪಿಯು ಎಂದು ಟೈಪು ಮಾಡಿದರೆ ಚಿಪ್ಪಿನ ಜಾತಕವೆಲ್ಲ ತೆರೆಯುತ್ತದೆ. ಸೆಟ್ಟಿಂಗ್ಸಿನಲ್ಲಿ ಗ್ರಾಫಿಕ್ಸ್ ವೇಗವರ್ಧನೆಯನ್ನು ಯಾರಾದರೂ ಆರಿಸಿಟ್ಟಿದ್ದಾರೆಯೇ ಎಂದು ಮೊದಲು ನೋಡಿ, ಅನಂತರ ಡ್ರೈವರನ್ನು ಹೊಸದು ಮಾಡಿಸುವುದು ಲೇಸು.