ಯಾವ ಕೊಲ್ಲಿಯ ನಾರ್ವಾಲ್?

ಪ್ರಾಣಿಯೊಂದು ಉಳಿಯುತ್ತದೋ ಅಳಿಯುತ್ತದೋ ಎಂದು ತಿಳಿಯಲು ನಾವು ಮೊದಲು ಹುಡುಕುವುದು ಒಟ್ಟು ಸಂಖ್ಯೆಯನ್ನು. ನಾರ್ವಾಲ್ ತಿಮಿಂಗಿಲದ ಮಟ್ಟಿಗೆ ಅದು ನೆಮ್ಮದಿ ಕೊಡುವಂತಿದೆ. ಉತ್ತರ ಧ್ರುವದ ಸುತ್ತಲ ಸಮುದ್ರಗಳಲ್ಲಿ ಸುಮಾರು 1,70,000 ಇವೆಯೆಂದು ಅಂದಾಜು. 2017ರಲ್ಲಿ ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟವಾದ ಐಯುಸಿಎನ್ ಇದನ್ನು ಸದ್ಯಕ್ಕೆ ಆತಂಕವಿಲ್ಲದ ಪ್ರಾಣಿಗಳ ಸಾಲಿಗೆ ಸೇರಿಸಿತು. ಆದರೆ ಈ ಲೆಕ್ಕವನ್ನೇ ನಂಬಿ ಕೂತರೆ ನಾರ್ವಾಲ್ ಉಳಿಯುವುದಿಲ್ಲ.

ಇದರ ಎಡಗೋರೆ ಎರಡು ಮೂರು ಮೀಟರ್ ಉದ್ದಕ್ಕೆ ತಿರುಚಿಕೊಂಡು ಬೆಳೆಯುತ್ತದೆ. ಯುರೋಪಿನವರು ಶತಮಾನಗಳ ಕಾಲ ಅದನ್ನು ಒಂಟಿಕೊಂಬಿನ ಕುದುರೆಯ ಕೊಂಬೆಂದು ಕೊಂಡರು. 1638ರಲ್ಲಿ ಡೆನ್ಮಾರ್ಕಿನ ಓಲೆ ವೋರ್ಮ್ ಅದರ ನಿಜ ಬಯಲಿಗೆಳೆದ. ನಮ್ಮ ಕಣ್ಣು ಇನ್ನೂ ಆ ಕೋರೆಯ ಮೇಲೇ ಇದೆ. ಮುಖ್ಯವಾದದ್ದು ನಾರ್ವಾಲಿನ ಹಟ: ಚಳಿಗಾಲವಿಡೀ ಹಿಮಗಡ್ಡೆಯ ಬಿರುಕುಗಳಲ್ಲಿ ಉಸಿರೆಳೆದು, ಒಂದೂವರೆ ಸಾವಿರ ಮೀಟರ್ ಆಳಕ್ಕಿಳಿದು ಮೀನು ಹಿಡಿಯುವ ಹಿಂಡು ಬೇಸಿಗೆ ಬಂತೆಂದರೆ ಸಾಮಾನ್ಯವಾಗಿ ತನ್ನ ಹಳೆಯ ಕೊಲ್ಲಿಗೇ ಮರಳುತ್ತದೆ. ಬೇಟೆಯಿಂದ ಅಲ್ಲಿನ ಹಿಂಡು ಕರಗಿದರೆ ಪಕ್ಕದವು ಬಂದು ತುಂಬುತ್ತವೆಂಬ ಭರವಸೆಯಿಲ್ಲ.

ಹಾಗಾದರೆ ಬೇಟೆಯನ್ನೇ ನಿಲ್ಲಿಸಿಬಿಡೋಣವೇ? ದೂರದ ಪ್ರಾಣಿಪ್ರಿಯರಿಗೆ ಇದು ಸುಲಭದ ಉತ್ತರ. ಆದರೆ 2008ರ ನವೆಂಬರಿನಲ್ಲಿ ಕೆನಡಾದ ಪಾಂಡ್ ಇನ್ಲೆಟ್ ಬಳಿ ಸಮುದ್ರ ಗಟ್ಟಿಯಾಗಿ, ನೂರಾರು ನಾರ್ವಾಲ್‌ಗಳು ದಿನೇ ದಿನೇ ಕುಗ್ಗುತ್ತಿದ್ದ ಕೆಲವೇ ಕಿಂಡಿಗಳಲ್ಲಿ ಒಂದರ ಮೇಲೊಂದು ಮೂತಿಯೆತ್ತಿ ಉಸಿರಾಡಿದವು. ಹೇಗೂ ಉಸಿರುಕಟ್ಟಿ ಸಾಯುವ ಪ್ರಾಣಿಗಳೆಂದು ಅಲ್ಲಿನ ಮೂಲನಿವಾಸಿ ಇನುಇಟ್ ಬೇಟೆಗಾರರು ಆರುನೂರಕ್ಕೂ ಹೆಚ್ಚನ್ನು ಕೊಂದು ಮಾಂಸ ಹಂಚಿಕೊಂಡರು. ನಾರ್ವಾಲಿನ ಚರ್ಮ ಅವರಿಗೆ ಬರೀ ರುಚಿಯ ತಿನಿಸಲ್ಲ. ಸೊಪ್ಪು ತರಕಾರಿ ಬೆಳೆಯದ ನೆಲದಲ್ಲಿ ಸಿ ಜೀವಸತ್ವ ಸಿಗುವುದು ಅದರಿಂದ. ಅವರನ್ನು ಕಟುಕರೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಅದೇ ಊರಿನವರು ಮುಂದೆ ಕಬ್ಬಿಣದ ಗಣಿಯ ಹಡಗುಗಳ ವಿರುದ್ಧ ನಿಂತರು. ಹಡಗುಗಳ ಸದ್ದಿಗೆ ನಾರ್ವಾಲ್‌ಗಳು ಕೊಲ್ಲಿ ಬಿಡುತ್ತಿವೆಯೆಂಬುದು ಅವರ ದೂರು. ದೂರಿನಲ್ಲಿ ಹುರುಳಿದೆ. ಬಲೆಯಿಂದ ಬಿಟ್ಟ ನಾರ್ವಾಲ್ ಜೋರಾಗಿ ಬಾಲ ಬಡಿದು ಆಳಕ್ಕೆ ಪರಾರಿಯಾಗುವಾಗಲೂ ಅದರ ಎದೆಬಡಿತ ನಿಮಿಷಕ್ಕೆ ಮೂರು ನಾಲ್ಕಕ್ಕೆ ಇಳಿಯುತ್ತದೆಂದು ಗ್ರೀನ್‌ಲ್ಯಾಂಡಿನ ಪೂರ್ವ ತೀರದಲ್ಲಿ ಅಳೆದು ನೋಡಿದ್ದಾರೆ. ದುಡಿಮೆ ಹೆಚ್ಚಿದಾಗಲೇ ರಕ್ತದ ಓಟ ಕುಗ್ಗುವ ಈ ಮೈಗೆ ಪದೇ ಪದೇ ಬೆದರುವುದು ಸಣ್ಣ ಸಂಗತಿಯಲ್ಲ. 2022ರಲ್ಲಿ ಕೆನಡಾ ಸರ್ಕಾರ ಗಣಿ ವಿಸ್ತರಣೆಗೆ ಒಪ್ಪಿಗೆ ನಿರಾಕರಿಸಿತು. ಬೇಟೆಗಾರರೇ ಇಲ್ಲಿ ಕಾವಲುಗಾರರು.

ಹಾಗೆಂದು ಬೇಟೆಗಾರರ ಮಾತೇ ಎಲ್ಲೆಡೆ ಕೊನೆಯ ಮಾತಾಗಬೇಕೆಂದರೆ ಅದೂ ತಪ್ಪಾದೀತು. ಎದೆಬಡಿತ ಅಳೆದ ಅದೇ ಪೂರ್ವ ತೀರದಲ್ಲಿ ಹಿಂಡುಗಳು ಚಿಕ್ಕವು, ಕರಗುತ್ತಿರುವಂಥವು. ಒಂದನ್ನೂ ಹಿಡಿಯಬೇಡಿ ಎಂದು ವಿಜ್ಞಾನಿಗಳು ಶಿಫಾರಸು ಮಾಡಿದ ಮೇಲೂ ಗ್ರೀನ್‌ಲ್ಯಾಂಡ್ ಸರ್ಕಾರ ಬೇಟೆಗೆ ಪಾಲು ಹಂಚಿತು. ಪಾಂಡ್ ಇನ್ಲೆಟ್‌ನಲ್ಲಿ ನಾನು ಬೇಟೆಗಾರರ ಪರ, ಇಲ್ಲಿ ವಿಜ್ಞಾನಿಗಳ ಪರ. ಇದು ಎಡಬಿಡಂಗಿತನವೆಂದು ಕೆಲವರಿಗೆ ಅನಿಸಬಹುದು. ಆದರೆ ಪೂರ್ವ ತೀರದಲ್ಲಿ ಸತ್ತ ಹೆಣ್ಣು ನಾರ್ವಾಲಿನ ಜಾಗವನ್ನು ಕೆನಡಾದ ಸಾವಿರಾರು ನಾರ್ವಾಲ್‌ಗಳು ಬಂದು ತುಂಬುವುದಿಲ್ಲ, ಅಲ್ಲಿ ಮೂರು ವರ್ಷಕ್ಕೊಂದು ಮರಿ ಹಾಕುವ ಉಳಿದ ಕೆಲವು ತಾಯಂದಿರೇ ತುಂಬಬೇಕು.