ಬದು ಕಿತ್ತ ಹೊಲದ ಮಣ್ಣು

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಚಿಕ್ಕೇರೂರು ಸುತ್ತಿನ ಹಳ್ಳಗಳು ಕೆಂಪಗೆ ಹರಿಯುತ್ತವೆ. ಹೊಸ ನೀರು ಬಂತೆಂದು ಖುಷಿಪಡುತ್ತೇವೆ. ಆ ಕೆಂಪು ಯಾರದೋ ಹೊಲದ ಮೇಲ್ಮಣ್ಣು. ಬೇಸಿಗೆಯಲ್ಲಿ ಹೇರಿಸಿದ ತಿಪ್ಪೆಗೊಬ್ಬರ, ಸಾಲ ಮಾಡಿ ತಂದ ಡಿಎಪಿ, ಎಲ್ಲ ಅದರಲ್ಲೇ ಇದೆ.

ಹಿರೇಕೆರೂರು, ಹಾನಗಲ್ಲ ತಾಲ್ಲೂಕುಗಳು ಅರೆಮಲೆನಾಡು. ಬಯಲಿಗಿಂತ ಮಳೆ ಹೆಚ್ಚು, ನೆಲ ಏರಿಳಿತದ್ದು. ದಿಬ್ಬದ ನೆತ್ತಿ ಗಾಯರಾಣ, ಕೆಳಗೆ ಹೊಲ, ತಗ್ಗಿನಲ್ಲಿ ಗದ್ದೆ ಮತ್ತು ಕೆರೆ ಎಂಬುದು ಹಳೆಯ ಏರ್ಪಾಡು. ನೆತ್ತಿಯ ಹುಲ್ಲು ಮಳೆಹನಿಯ ಪೆಟ್ಟು ತಿಂದು ಮಣ್ಣನ್ನು ಉಳಿಸುತ್ತಿತ್ತು. ಈಗ ಎಷ್ಟೋ ಕಡೆ ನೇಗಿಲು ನೆತ್ತಿ ಮುಟ್ಟಿದೆ. ಬಗರ್ ಹುಕುಂ ಸಾಗುವಳಿ ಸಕ್ರಮಕ್ಕೆಂದು ನಮೂನೆ 50 ಬಂತು, 53 ಬಂತು, 57 ಬಂತು. ಭೂಮಿಯಿಲ್ಲದವರು ಎರಡೆಕರೆ ಗಾಯರಾಣ ಉತ್ತು ಬದುಕು ಕಟ್ಟಿಕೊಂಡದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಎಷ್ಟು ವರ್ಷದಿಂದ ಉಳುತ್ತಿದ್ದೀರಿ ಎಂದು ಕೇಳುವ ಸರ್ಕಾರ, ಆ ನೆಲ ಎಷ್ಟು ಇಳಿಜಾರಿದೆ, ಬದು ಇದೆಯೇ ಎಂದೂ ಕೇಳಬೇಕಿತ್ತು.

ಇದರ ಮೇಲೆ ಗೋವಿನಜೋಳ. ನಮ್ಮ ಜಿಲ್ಲೆಯ ಸಂಸಾರಗಳನ್ನು ಸಾಕುತ್ತಿರುವ ಬೆಳೆ ಅದು, ನಿಜ. ಆದರೆ ಸಾಲುಗಳ ನಡುವೆ ಅಂತರ ಹೆಚ್ಚು. ಎಲೆ ಹರಡಿ ನೆಲ ಮುಚ್ಚುವಷ್ಟರಲ್ಲಿ ಜೂನ್ ಕಳೆದು ಜುಲೈ ಬಂದಿರುತ್ತದೆ. ಮಳೆ ಜೋರಾಗಿ ಹೊಡೆಯುವ ಹೊತ್ತಿಗೆ ಹೊಲ ಬತ್ತಲೆ, ಎಡೆ ಹೊಡೆದು ಸಡಿಲಾದ ಮಣ್ಣು ಬೇರೆ. ಸಾಲು ಇಳಿಜಾರಿನುದ್ದಕ್ಕೆ ಬಿದ್ದಿದ್ದರಂತೂ ಪ್ರತಿ ಸಾಲೂ ಒಂದು ಕಾಲುವೆಯೇ. ಟ್ರ್ಯಾಕ್ಟರ್ ತಿರುಗಲು ಅಡ್ಡವೆಂದು ಬದು ಕೀಳುವವರಿದ್ದಾರೆ. ಕೀಳದಿದ್ದರೂ ಎರಡೂ ಕಡೆಯವರು ವರ್ಷಕ್ಕೊಂದು ಗೇಣು ಒತ್ತಿ ಉಳುತ್ತಾರೆ. ಕೊನೆಗೆ ಉಳಿಯುವುದು ಬಾಂದುಕಲ್ಲು ಮಾತ್ರ.

ಒಂದು ಹೆಕ್ಟೇರ್ ಹೊಲದಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಅದು ಸುಮಾರು 13 ಟನ್ ತೂಗುತ್ತದೆ. ದೇಶದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್ ಹೋಗುತ್ತಿದೆ ಎಂದು ವಿಜ್ಞಾನಿಗಳು 1983ರಲ್ಲೇ ಅಂದಾಜು ಮಾಡಿದ್ದರು. ಹೀಗೆ ಹೋದ ಮಣ್ಣಿನಲ್ಲಿ ಸಮುದ್ರ ಸೇರುವುದು ಶೇ 29, ಜಲಾಶಯಗಳಲ್ಲಿ ನಿಲ್ಲುವುದು ಶೇ 10. ಮಿಕ್ಕ ಶೇ 61 ಹೆಚ್ಚು ದೂರ ಹೋಗದೆ ಎಲ್ಲೋ ತಗ್ಗಿನಲ್ಲಿ ತಂಗುತ್ತದೆ. ನಮ್ಮ ಸೀಮೆಯಲ್ಲಿ ಆ ತಗ್ಗು ಎಂದರೆ ಹಳ್ಳ, ಕೆರೆ.

ಕೆರೆ ದಾಟಿದ್ದು ವರದೆಯ ಮೂಲಕವೋ ಕುಮುದ್ವತಿಯ ಮೂಲಕವೋ ತುಂಗಭದ್ರೆ ಸೇರುತ್ತದೆ. ವರದೆ ಗಳಗನಾಥದಲ್ಲಿ, ಕುಮುದ್ವತಿ ಮುದೇನೂರಿನ ಬಳಿ. 1953ರಲ್ಲಿ ನೀರು ನಿಂತ ಹೊಸಪೇಟೆಯ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2016ರ ಸಮೀಕ್ಷೆಯಲ್ಲಿ ಸಿಕ್ಕಿದ್ದು ಸುಮಾರು 106. ಉಳಿದ ಜಾಗದಲ್ಲಿ ಹೂಳಿದೆ. 28 ಸಾವಿರ ಚದರ ಕಿಲೋಮೀಟರ್ ಜಲಾನಯನದ ಹೂಳು ಅದು, ಎಲ್ಲವೂ ನಮ್ಮದಲ್ಲ. ನಮ್ಮದೂ ಇದೆ. ಕಳೆದುಕೊಂಡ ನೀರಿಗಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಅಲ್ಲಿಯೂ ಮುಳುಗುವುದು ರೈತರ ಭೂಮಿಯೇ.

ಮಣ್ಣು ಹಿಡಿಯುವ ವಿದ್ಯೆ ನಮಗೆ ಹೊಸದಲ್ಲ. ನಾವು ಮುಂಬೈ ಪ್ರಾಂತ್ಯದಲ್ಲಿದ್ದಾಗ, 1942ರಲ್ಲೇ, ಭೂ ಸುಧಾರಣಾ ಯೋಜನೆಗಳ ಕಾಯ್ದೆ ಬಂದು ಸಮಪಾತಳಿ ಒಡ್ಡುಗಳ ಕೆಲಸಕ್ಕೆ ದಾರಿಯಾಯಿತು. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಆದರೆ ಒಡ್ಡು ಒಮ್ಮೆ ಹಾಕಿ ಮರೆಯುವ ಕೆಲಸವಲ್ಲ. ಯೋಜನೆ ಮುಗಿದ ಮೇಲೆ ಅದನ್ನು ಕಾಯುವ ಹೊಣೆ ಯಾರ ಮೇಲೂ ಉಳಿಯಲಿಲ್ಲ.

ಹೂಳೆತ್ತುವ ಕಾಮಗಾರಿಗೆ ಹಣ ಕೊಡುವ ಮೊದಲು ಆ ಕೆರೆಯ ಮೇಲಿನ ಹೊಲಗಳ ಬದು ಮುಗಿದಿರಬೇಕು. ಇದನ್ನೊಂದು ನಿಯಮ ಮಾಡಿ. ಹೊಸದಾಗಿ ಸಕ್ರಮವಾಗುವ ಇಳಿಜಾರು ನೆಲಕ್ಕೆ ಪಟ್ಟಾ ಜೊತೆಗೇ ಸರ್ಕಾರದ ಖರ್ಚಿನಲ್ಲಿ ಬದು ಹಾಕಿಸಿಕೊಡಿ. ಉಳಿದಿರುವ ಗಾಯರಾಣವನ್ನು ಹುಲ್ಲಿಗೇ ಬಿಡಿ.

ರೈತ ಬಂಧುಗಳಲ್ಲೂ ಒಂದು ಬಿನ್ನಹ. ಈ ಸಲದ ಬಿತ್ತನೆಗೆ ಕೂರಿಗೆಯನ್ನು ಇಳಿಜಾರಿಗೆ ಅಡ್ಡಲಾಗಿ ಹೊಡೆಯಿರಿ. ಬದುವಿನ ಹುಲ್ಲಿಗೆ ಕಳೆನಾಶಕ ಸಿಂಪಡಿಸಬೇಡಿ. ಎಂದೋ ಕಿತ್ತ ಬದುವಿದ್ದರೆ ಪಕ್ಕದ ಹೊಲದವರನ್ನೂ ಕೂಡಿಸಿಕೊಂಡು, ಮಳೆಗೆ ಮೊದಲೇ ಮತ್ತೆ ಹಾಕಿ.