ಕೇಸ್ ಮುಗಿಯಲಿ ಅಂತ ಕಾಯಬೇಡಿ

"ಕೇಸ್ ನಡೀತಾ ಇದೆಯಲ್ಲ, ರಜೆಗೆ ಹೋದಾಗ ನೋಡುವ." ನನ್ನ ಪರಿಚಯದವರೊಬ್ಬರು ಹೀಗೇ ಹೇಳಿದ್ದರು. ಊರಲ್ಲಿ ಅವರ ಮನೆ ಕೆಲಸಕ್ಕೆ ತಾತ್ಕಾಲಿಕ ತಡೆಯಾಜ್ಞೆ ಬಂದಿತ್ತು. ಹದಿನಾಲ್ಕು ತಿಂಗಳ ನಂತರ ಹೋಗಿ ನೋಡಿದರೆ ಪಿಲ್ಲರಿನ ಕಂಬಿಗಳೆಲ್ಲ ತುಕ್ಕು. ಅಪೀಲಿನ ಅವಧಿ ಯಾವತ್ತೋ ಮುಗಿದಿತ್ತು.

ನಾನು ವಕೀಲನಲ್ಲ, ಲೆಕ್ಕ ಬರೆಯುವವ. ಆದರೆ ಈ ದಿನಗಳ ಲೆಕ್ಕ ನಮ್ಮವರಿಗೆಲ್ಲ ಗೊತ್ತಿರಬೇಕು. ತಡೆಯಾಜ್ಞೆ ಕೊಟ್ಟರೂ, ನಾವು ಕೇಳಿದ್ದನ್ನು ನಿರಾಕರಿಸಿದರೂ, ದಾವೆ ಮುಗಿಯುವ ಮೊದಲೇ ಮೇಲ್ಮನವಿಗೆ ಅವಕಾಶವಿದೆ. ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 43ರಲ್ಲಿದೆ. ಹೈಕೋರ್ಟಿಗಾದರೆ 90 ದಿನ, ಬೇರೆ ಮೇಲಿನ ಕೋರ್ಟಿಗಾದರೆ 30 ದಿನ. ದೃಢೀಕೃತ ನಕಲು ಸಿಗಲು ತಗಲಿದ ದಿನಗಳನ್ನು ಕಳೆಯುತ್ತಾರೆ. ನಮ್ಮ ಮಾತು ಕೇಳದೆ ಕೊಟ್ಟ ಆಜ್ಞೆಯಾದರೆ ಅದೇ ಕೋರ್ಟಿಗೆ ತೆರವಿನ ಅರ್ಜಿ ಕೊಡಬಹುದು. ಎಲ್ಲ ಆದೇಶಕ್ಕೂ ಅಪೀಲು ಇಲ್ಲ. ಬರೇ ವಾಯಿದೆ ಮುಂದೆ ಹಾಕಿದ್ದಕ್ಕೆ ಇಲ್ಲ.

ಹಾಗಾಗಿ ಊರಲ್ಲಿ ಕೇಸ್ ಇರುವವರು ನಂಬಿಕಸ್ಥರೊಬ್ಬರಿಗೆ ಈಗಲೇ ಪವರ್ ಆಫ್ ಅಟಾರ್ನಿ ಮಾಡಿಕೊಡಿ. ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿ. ಊರಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಆದೇಶ ಬಂದ ದಿನವೇ ವಕೀಲರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: "ಇದಕ್ಕೆ ಈಗಲೇ ಅಪೀಲು ಉಂಟಾ? ಕೊನೆಯ ದಿನ ಯಾವುದು?" ಆ ದಿನಾಂಕವನ್ನು ರೂಮಿನ ಗೋಡೆಯಲ್ಲಿ ಬರೆದಿಡಿ.